ಶೋಭಾರಾಣಿಯ ನಾಲ್ಕು ಗೆಲಾಕ್ಸಿಗಳು

ರೇಡಿಯೋ ಅಲೆಗಳನ್ನು ಹೊಮ್ಮಿಸುವ ರೇಡಿಯೋ ಗೆಲಾಕ್ಸಿಯ ನಡುವಿನಿಂದ ಜೆಟ್ ಎಂಬ ಎರಡು ಚಿಲುಮೆಗಳು ವಿರುದ್ಧ ದಿಕ್ಕುಗಳಿಗೆ ಚಿಮ್ಮಿರುತ್ತವೆ. ಎಲ್ಲೋ ಅಪರೂಪಕ್ಕೆ ಅವಕ್ಕೆ ಅಡ್ಡಲಾಗಿ ಇನ್ನೊಂದು ಮಸುಕು ಜೋಡಿ ಕಾಣುತ್ತದೆ. ಆಗ ಒಟ್ಟು ಆಕಾರ ಎಕ್ಸ್ ಅಕ್ಷರದಂತೆ. ಹರಿಹರದಿಂದ ದಿನಾ ದಾವಣಗೆರೆಯ ಕಾಲೇಜಿಗೆ ಹೋಗಿಬರುತ್ತಿದ್ದ ತಾತ್ಕಾಲಿಕ ಉಪನ್ಯಾಸಕಿ ಶೋಭಾರಾಣಿ, ರೇಡಿಯೋ ಗೆಲಾಕ್ಸಿಗಳ ಇನ್ನೂರು ನಕ್ಷೆಗಳನ್ನು ಭೂತಗನ್ನಡಿಯಲ್ಲಿ ಮೂರು ಮೂರು ಸಲ ನೋಡಿ, ಅಂಥ ನಾಲ್ಕನ್ನು ಹುಡುಕಿದ್ದಳು. ಎಂ.ಫಿಲ್. ಪ್ರಬಂಧ ನಿಂತದ್ದೇ ಆ ನಾಲ್ಕರ ಮೇಲೆ. ಎರಡು ಸಲ ಮುಂದೂಡಿಸಿಕೊಂಡಿದ್ದ ಗಡುವು ನಾಳೆ, ೧೯೯೮ರ ಮಾರ್ಚ್ ಕೊನೆಗೆ, ಮುಗಿಯುತ್ತಿತ್ತು. ಒಪ್ಪಿಸದಿದ್ದರೆ ನೌಕರಿ ಖಾಯಂ ಆಗುವ ಮಾತೇ ಇರಲಿಲ್ಲ.

ಪ್ರಬಂಧದ ಬೈಂಡಾದ ಮೂರು ಪ್ರತಿಗಳನ್ನು ಒಯ್ಯಲು ಅವಳು ಹರಿಹರ ಬಸ್ ನಿಲ್ದಾಣದೆದುರಿನ ಜೆರಾಕ್ಸ್ ಅಂಗಡಿಗೆ ಬಂದಾಗ, ಜಮಾಲ್ ಸಾಬರು ಯಾರದೋ ಹಳೆಯ ಹೊಲದ ಪತ್ರವನ್ನು ಗಾಜಿನ ಮೇಲೆ ಮಗುಚಿ, ಅದರ ಬೆನ್ನಿಗೊಂದು ಕರಿ ಹಾಳೆ ಇಡುತ್ತಿದ್ದರು.

“ಬರ್ರಿ ಮೇಡಂ. ಚುಕ್ಕಿ ಎಣಿಸೋದು ಮುಗೀತಾ?”

“ಮುಗೀತು. ಈ ಕರಿ ಹಾಳೆ ಯಾಕ್ರಿ?”

“ಕಾಗದ ತೆಳು ನೋಡ್ರಿ. ಇದಿಲ್ಲಂದ್ರೆ ಹಿಂದಿನ ಗೆರೆ ಮುಂದಕ್ಕೆ ಮೂಡ್ತಾವೆ. ಹೋದ ತಿಂಗಳು ಮಷಿನ್ ರಿಪೇರಿಯವ ಹೇಳಿಕೊಟ್ಟ.”

ಅವಳ ನಕ್ಷೆಗಳ ಪ್ರತಿ ಆಗಿದ್ದು ಹೋದ ವರ್ಷ, ಕರಿ ಹಾಳೆಯಿಲ್ಲದೆ. ಪುಣೆಯ ಗ್ರಂಥಾಲಯವೊಂದರಿಂದ ನಕ್ಷೆಗಳ ಪುಸ್ತಕವನ್ನು ಹದಿನೈದು ದಿನಕ್ಕೆಂದು ತರಿಸಿ, ಇಲ್ಲೇ ಪ್ರತಿ ಮಾಡಿಸಿ, ಮೂಲವನ್ನು ಹಿಂದಿರುಗಿಸಿದ್ದಳು. ತೆಳು ಹಾಳೆ, ಎರಡೂ ಮಗ್ಗುಲಿಗೆ ಒಂದೊಂದು ನಕ್ಷೆ, ನಟ್ಟನಡುವೆ.

ಚೀಲದೊಳಗಿನ ಕಟ್ಟಿನಿಂದ, ಆ ನಾಲ್ಕರಲ್ಲಿ ಮೊದಲನೆಯದಾದ ಹನ್ನೊಂದನೆಯ ಪುಟದ ಪ್ರತಿ ತೆಗೆದಳು. ಮೂಲದಲ್ಲಿ ಅದರ ಬೆನ್ನಿಗಿದ್ದ ಹನ್ನೆರಡನೆಯದನ್ನು ತಿರುವಿ ಹಿಂದಿಟ್ಟು, ಎರಡನ್ನೂ ಟ್ಯೂಬ್‌ಲೈಟಿಗೆ ಹಿಡಿದಳು. ಹನ್ನೆರಡರ ಚಿಲುಮೆಗಳು ಹನ್ನೊಂದರ ಮಸುಕು ಜೋಡಿಯ ಮೇಲೆ ಗೆರೆಗೆ ಗೆರೆ ಕೂತವು. ಎರಡನೆಯದೂ ಹಾಗೆಯೇ. ಮೂರನೆಯದೂ. ನಾಲ್ಕನೆಯದನ್ನು ಎರಡು ಸಲ ಹೊಂದಿಸಿದಳು, ಅದೂ ಕೂತಿತು. ಹಿಂಬದಿಯ ಶಾಯಿ ಗಾಢವಾಗಿದ್ದ ನಾಲ್ಕೇ ನಾಲ್ಕು ಹಾಳೆ, ಅವಷ್ಟನ್ನೂ ಅವಳು ಎಕ್ಸ್ ಎಂದು ಆರಿಸಿಕೊಂಡಿದ್ದಳು.

ಪಕ್ಕದ ಎಸ್‌ಟಿಡಿ ಬೂತಿನಿಂದ ಮಾರ್ಗದರ್ಶಕರಾದ ಕೆಂಚವೀರಪ್ಪನವರಿಗೆ ಫೋನ್ ಮಾಡಿದಳು. ಅವರು ಪೂರ್ತಿ ಕೇಳಿಸಿಕೊಂಡರು.

“ಮೂಲ ಎಲ್ಲೈತಮ್ಮ?”

“ಪುಣೆಯಲ್ಲೈತೆ ಸರ್.”

“ಪರೀಕ್ಷಕರೇನು ಪುಣೆಗೆ ಹೋಗಿ ನೋಡಂಗಿಲ್ಲ. ಕೊಟ್ಟುಬಿಡು.”

“ನಾನು ನೋಡೀನಲ್ಲ ಸರ್.”

“ಇನ್ನೊಂದು ಗಡುವು ನನ್ನ ಕೈಯಾಗಿಲ್ಲಮ್ಮ.”

“ಗೊತ್ತೈತೆ ಸರ್.”

ಅವಳು ತಿರುಗಿ ಬರುವಷ್ಟರಲ್ಲಿ ಜಮಾಲ್ ಸಾಬರು ಮೂರೂ ಪ್ರತಿಗಳನ್ನು ಪೇಪರಿನಲ್ಲಿ ಸುತ್ತಿ ದಾರ ಕಟ್ಟಿದ್ದರು. ಅವಳು ಕೈ ಚಾಚಲಿಲ್ಲ.

“ಇವು ಬ್ಯಾಡ್ರಿ. ಇಲ್ಲೇ ಇರಲಿ.”

“ಯಾಕ್ರಿ, ಬೈಂಡಿಂಗ್ ಸರಿ ಬಂದಿಲ್ಲೇನು?”

“ಚೆನ್ನಾಗಿ ಬಂದೈತೆ,” ಎಂದಳು.

ಎದುರಿಗೆ ದಾವಣಗೆರೆಯ ಬಸ್ಸು ಹೊರಡಲು ನಿಂತಿತ್ತು. ಮಧ್ಯಾಹ್ನದ ತರಗತಿಗೆ ಹೋಗಬೇಕಿತ್ತು. ಕಂಡಕ್ಟರ್ ಎರಡು ಸಲ ಕೂಗಿದ. ಅವಳು ಅಂಗಡಿಯ ಮೆಟ್ಟಿಲ ಮೇಲೆಯೇ ನಿಂತು, ಬಸ್ಸು ತಿರುವು ದಾಟುವವರೆಗೂ ನೋಡಿದಳು.