ಗೋಣಿ ಒದ್ದೆ ಕಾಣಬೇಕು

“ನೀರು ಕುಡಿದಳೋ ಮಾರಿಕೊಂಡಳೋ ಕೇಳ್ರೀ ಈ ಕಳ್ಳಮುಂಡೇನ!”

ಕಂಪನಿಯ ಸಾಹೇಬರು ಬೂಟಿನ ತುದಿಯಿಂದ ನಾನು ಹಾಸಿದ್ದ ಗೋಣಿಚೀಲವನ್ನು ಎತ್ತಿ ಆಚೆಗೆ ಒದ್ದರು. ಕೆಳಗೆ ಕಾಂಕ್ರೀಟು ಸೀಳಿತ್ತು. ಈ ಹಳಿಯಿಂದ ಆ ಹಳಿಗೆ ಅಡ್ಡಡ್ಡ, ಉಗುರು ತೂರುವಷ್ಟು ಬಿರುಕು. ಮುಂದಿನ ಗೋಣಿ ಎತ್ತಿದರು, ಅಲ್ಲೂ ಬಿರುಕು. ಅದರ ಮುಂದಿನದನ್ನೂ ಎತ್ತಿದರು. ಗೋಣಿಗೊಂದರಂತೆ ನನಗೆ ಹೊಸ ಹೊಸ ಬೈಗುಳ ಸಿಕ್ಕಿತು. ಓದಿದವರು ನೋಡಿ, ಬೈಗುಳದಲ್ಲಿ ಬಡತನವಿಲ್ಲ.

ನಾನು ಪೈಪು ಹಿಡಿದು ನಿಂತಿದ್ದೆ. ಬೀದಿಯ ನಡುವೆಯೇ ಓಡಲಿರುವ ಈ ರೈಲಿನ ಕೆಲಸದಲ್ಲಿ ನನ್ನ ಪಾಲಿಗೆ ಬಂದದ್ದು ನೀರು. ಹಳಿಯ ಸುತ್ತ ಸುರಿದ ಕಾಂಕ್ರೀಟು ಗಟ್ಟಿಯಾಗುವವರೆಗೆ ಅದನ್ನು ಒಣಗಲು ಬಿಡಬಾರದು. ಮೇಲೆ ಗೋಣಿ ಹಾಸಿ ಬೆಳಗಿನಿಂದ ಸಂಜೆಯವರೆಗೆ ನೀರು ಹಿಡಿಯಬೇಕು. ಕೂಸಿನ ಬಟ್ಟೆ ಒದ್ದೆಯಾಯಿತೇ ಎಂದು ತಾಯಿ ಮುಟ್ಟಿ ನೋಡುವ ಹಾಗೆ, ಗೋಣಿ ಒಣಗಿತೇ ಎಂದು ಮುಟ್ಟಿ ಮುಟ್ಟಿ ನೋಡುತ್ತಿರಬೇಕು. ಅದಕ್ಕೇ ಕೆಲಸದವರಿಗೆಲ್ಲ ನಾನು ನೀರಕ್ಕ.

ನನಗೆ ಹೆದರಿಕೆಯಾಗಲಿಲ್ಲ. ಸಾಹೇಬರ ಹಿಂದೆ ಕೈಕಟ್ಟಿ ನಿಂತಿದ್ದ ಮೇಸ್ತ್ರಿ ನನ್ನ ಒಡಹುಟ್ಟಿದ ಅಣ್ಣ. ನೀರು ಎಲ್ಲಿ ಹೋಯಿತು, ಯಾರು ಕಳಿಸಿದರು ಎಂಬುದು ನನಗಿಂತ ಚೆನ್ನಾಗಿ ಅವನಿಗೆ ಗೊತ್ತಿತ್ತು. ಈಗ ಅವನು ಬಾಯಿ ಬಿಡುತ್ತಾನೆ, ಸಾಹೇಬರು ಬಾಯಿ ಮುಚ್ಚುತ್ತಾರೆ ಎಂದು ಕಾದೆ.

ನಡೆದದ್ದು ಇಷ್ಟು. ಬೀದಿ ಅಗೆಯುವಾಗ ಯಂತ್ರದ ಹಲ್ಲು ತಗುಲಿ ಬೀದಿಯವರ ನೀರಿನ ಕೊಳವೆ ತುಂಡಾಯಿತು. ತುಂಡಾದದ್ದರ ಮೇಲೆ ಮಣ್ಣು ಎಳೆದರು, ಮಣ್ಣಿನ ಮೇಲೆ ಹಳಿ ಹಾಕಿದರು, ಪಕ್ಕದಲ್ಲಿ ‘ನಾಳಿನ ಸುಖಕ್ಕಾಗಿ ಇಂದು ಸಹಕರಿಸಿ’ ಎಂದು ಆಳೆತ್ತರದ ಬೋರ್ಡು ನೆಟ್ಟರು. ಬೀದಿಯ ಜನ ಪಾಪ ಸಹಕರಿಸಿದರು. ಅಂಗಡಿ ಬಾಗಿಲಿಗೆ ಹೋಗಲು ಗುಂಡಿಯ ಮೇಲೆ ಹಲಗೆ ಹಾಕಿಕೊಂಡರು, ಧೂಳು ತಿಂದರು, ಗಿರಾಕಿಗಳನ್ನು ಕಳೆದುಕೊಂಡರು. ನೀರಿಲ್ಲದೆ ಸಹಕರಿಸಲು ಮಾತ್ರ ಆಗಲಿಲ್ಲ. ಒಂದು ಬೆಳಿಗ್ಗೆ ಬಿಂದಿಗೆ, ಬಕೆಟ್ಟು, ಡಬ್ಬಗಳ ಸಮೇತ ಬಂದು ಹಳಿಯ ಮೇಲೆ ಕೂತುಬಿಟ್ಟರು. ಎಲ್ಲರಿಗೂ ಮುಂದೆ ಇಸ್ತ್ರಿ ಅಜ್ಜಿ. ಬೀದಿಯ ಮೂಲೆಯಲ್ಲಿ ತಳ್ಳುಗಾಡಿ ನಿಲ್ಲಿಸಿಕೊಂಡು ಊರವರ ಬಟ್ಟೆ ಇಸ್ತ್ರಿ ಮಾಡುವ ಮುದುಕಿ. ಹಲ್ಲು ಉದುರಿದ್ದರೂ ನಾಲಿಗೆ ಗಟ್ಟಿ.

“ನೀರು ಬರೋವರೆಗೆ ರೈಲೂ ಇಲ್ಲ ಗೀಲೂ ಇಲ್ಲ. ಬೇಕಾದ್ರೆ ನನ್ನ ಮೇಲೇ ಓಡಿಸ್ಕೊಂಡು ಹೋಗ್ರೋ ಬೇವಾರ್ಸಿಗಳಾ!” ಎಂದಳು.

ಸಾಹೇಬರ ಜೀಪು ಬಂದ ದಾರಿ ಹಿಡಿದು ವಾಪಸಾಯಿತು. ಅಂದು ಸಂಜೆ ಅಣ್ಣ ನನ್ನ ಹತ್ತಿರ ಬಂದ.

“ನಾಳೆಯಿಂದ ಬೆಳಗಿನ ನೀರಿನ ಟ್ಯಾಂಕರ್ ಬೀದಿಯೋರಿಗೆ ಬಿಟ್ಬಿಡು. ಬಾಯಿ ಮುಚ್ಕೊಂಡಿರ್ತಾರೆ.”

“ಮತ್ತೆ ಕಾಂಕ್ರೀಟಿಗೆ?”

“ಸಂಜೆದು ಇದೆಯಲ್ಲ.”

“ಬಿಸಿಲು ನೋಡಿದೀಯಾ ಅಣ್ಣ? ಅದು ಗೋಣಿಗೇ ಸಾಲಲ್ಲ. ಸಾಹೇಬ್ರಿಗೆ ಗೊತ್ತಾದ್ರೆ ನನ್ನ ಚರ್ಮ ಸುಲೀತಾರೆ.”

“ಸಾಹೇಬ್ರೇ ಹೇಳಿದ್ದು ಕಣೇ. ಜೀಪು ಬರೋ ಹೊತ್ತಿಗೆ ಗೋಣಿ ಒದ್ದೆ ಕಾಣಬೇಕು, ಅಷ್ಟೇ. ನಾನಿದೀನಲ್ಲ, ನಿನಗ್ಯಾಕೆ ಅದೆಲ್ಲ?”

ನಾನಿದೀನಲ್ಲ. ಅಪ್ಪ ಸತ್ತಾಗ ಇದೇ ಮಾತು ಹೇಳಿದ್ದ. ಗಂಡ ನನ್ನನ್ನು ಬಿಟ್ಟು ಹೋದಾಗಲೂ ಹೇಳಿದ್ದ. ಹೇಳಿದ ಹಾಗೆ ಇದ್ದ ಕೂಡ. ಇಲ್ಲ ಎಂದರೆ ನನ್ನ ನಾಲಿಗೆ ಬಿದ್ದುಹೋಗುತ್ತದೆ. ಹಾಗಾಗಿ ಹೇಳಿದಂತೆ ಮಾಡಿದೆ.

ಬೆಳಗಾದರೆ ಬೀದಿಯ ಹೆಂಗಸರು ಟ್ಯಾಂಕರಿನ ಹಿಂದೆ ಸಾಲು ನಿಲ್ಲುತ್ತಿದ್ದರು. ವಾಲ್ವಿನ ಹಿಡಿಯ ನಟ್ಟು ಎಂದೋ ಉದುರಿತ್ತು, ನಾನೇ ಚಿಂದಿ ಸುತ್ತಿ ಕೂರಿಸಿದ್ದೆ. ಅದನ್ನು ತಿರುಗಿಸುವ ಅಭ್ಯಾಸ ನನ್ನ ಕೈಗೆ ಮಾತ್ರ. ಬೇರೆಯವರು ಮುಟ್ಟಿದರೆ ಹಿಡಿ ಕಳಚಿ ಕೈಗೇ ಬರುತ್ತಿತ್ತು, ನೀರು ಮಾತ್ರ ನಿಲ್ಲುತ್ತಿರಲಿಲ್ಲ. ಎಲ್ಲರೂ ನಗುತ್ತಿದ್ದರು. “ನಿನ್ನ ಹೊಟ್ಟೆ ತಣ್ಣಗಿರ್ಲಿ ಕಣೇ ನೀರಕ್ಕ” ಎನ್ನುತ್ತಿದ್ದಳು ಇಸ್ತ್ರಿ ಅಜ್ಜಿ. ನನ್ನ ಮಗಳು ನಮ್ಮ ತಗಡಿನ ಶೆಡ್ಡಿನಲ್ಲೇ ಹೆತ್ತಾಗ, ಕೂಸಿಗೆಂದು ಮೆತ್ತನೆಯ ಹಳೆಯ ಬಟ್ಟೆಗಳನ್ನು ಒಗೆದು ಇಸ್ತ್ರಿ ಮಾಡಿ ತಂದುಕೊಟ್ಟವಳೂ ಅವಳೇ. ಇತ್ತ ಜೀಪಿನ ಹಾರನ್ ಕೇಳಿದ ಕೂಡಲೇ ನಾನು ಓಡಿ, ಉಳಿಸಿಟ್ಟ ನೀರನ್ನು ಗೋಣಿಯ ಮೇಲೆ ಎರಚುತ್ತಿದ್ದೆ. ಸಾಹೇಬರು ಕೆಳಗೆ ಇಳಿಯದೆ ಕಿಟಕಿಯಿಂದಲೇ ತಲೆಯಾಡಿಸಿ ಹೋಗುತ್ತಿದ್ದರು. ಗೋಣಿಯ ಕೆಳಗೆ ಕೈಯಿಟ್ಟರೆ ಕಾಂಕ್ರೀಟು ಕಾದ ಬಾಣಲೆ.

ಈಗ ಅದೇ ಸಾಹೇಬರು ಕೆಳಗೆ ಇಳಿದಿದ್ದರು.

“ನೀರು ಏನು ಮಾಡಿದೆ, ಬೊಗಳೇ!”

ಬೀದಿಯವರೆಲ್ಲ ಹಲಗೆಗಳ ಮೇಲೆ ನಿಂತು ನೋಡುತ್ತಿದ್ದರು.

“ಕೊಟ್ಟೆ” ಎಂದೆ. “ಈ ಬೀದಿಯೋರಿಗೆ ಕೊಟ್ಟೆ.”

ತಲೆ ತಗ್ಗಿಸಿ ಹೇಳಲಿಲ್ಲ. ಬಾಯಾರಿದವರಿಗೆ ನೀರು ಕೊಟ್ಟೆ ಎನ್ನಲು ನಾಚಿಕೆ ಯಾಕೆ? ಕದ್ದವಳು ಹೀಗೆ ನಾಲ್ಕು ಜನರ ಮುಂದೆ ಗಂಟಲು ಬಿಟ್ಟು ಹೇಳುತ್ತಾಳೆಯೇ, ಅಷ್ಟೂ ತಿಳಿಯದೇ ಇವರಿಗೆ ಎಂದುಕೊಂಡಿದ್ದೆ. ಸಾಹೇಬರ ಮುಖ ಅರಳಿತು. ಅವರು ಬೆಳಗಿನಿಂದ ಹುಡುಕುತ್ತಿದ್ದ ಮಾತನ್ನು ನಾನೇ ಕೈಗಿಟ್ಟಿದ್ದೆ.

“ಕೇಳಿಸ್ಕೊಂಡ್ರಾ ಎಲ್ರೂ? ಬಾಯಾರೆ ಒಪ್ಕೊಂಡ್ಳು. ಕೊಡು ಅಂತ ಯಾರು ಹೇಳಿದ್ರು ನಿನಗೆ?”

ನಾನು ಅಣ್ಣನ ಕಡೆ ನೋಡಿದೆ. ಅವನು ಬಿರುಕಿನ ಕಡೆ ನೋಡುತ್ತಿದ್ದ.

“ಮೇಸ್ತ್ರೀ, ನೀನು ಹೇಳಿದ್ಯೇನಯ್ಯ?”

“ನನಗೇನೂ ಗೊತ್ತಿಲ್ಲ ಸಾರ್” ಎಂದ ಅಣ್ಣ. ಅಷ್ಟಕ್ಕೇ ನಿಲ್ಲಿಸಿದ್ದರೂ ತಡೆದುಕೊಳ್ಳುತ್ತಿದ್ದೆನೇನೋ. ಇನ್ನೊಂದು ಮಾತು ಸೇರಿಸಿದ. “ನನ್ನ ತಂಗಿ ಅಂತ ಬಿಡಬೇಡಿ ಸಾರ್. ತಪ್ಪು ಯಾರು ಮಾಡಿದ್ರೂ ತಪ್ಪೇ.”

ಪೈಪು ಬಿಸಾಕಿದೆ. ಹಲಗೆಗಳ ಕಡೆ ತಿರುಗಿದೆ. “ಹೇಳಜ್ಜಿ, ನೀನಾದ್ರೂ ಹೇಳು. ಹಳಿ ಮೇಲೆ ಕೂತೋರು ಯಾರು? ಕೊಡಿಸಿದೋರು ಯಾರು?”

ಅಜ್ಜಿ ಬಾಯಿ ತೆರೆಯುವ ಮೊದಲೇ ಸಾಹೇಬರು ದನಿ ಎತ್ತಿದರು. “ನೋಡಿ, ನಾಳೆ ನಿಮ್ಮ ಕೊಳವೆ ಜೋಡಿಸೋಕೆ ಜನ ಬರ್ತಾರೆ. ಬರಬೇಕು ಅಂತಿದ್ರೆ ನಿಜ ಹೇಳಿ.”

ಇಸ್ತ್ರಿ ಅಜ್ಜಿ ನನ್ನನ್ನು ನೋಡಲಿಲ್ಲ. “ನಾವೇನು ಕೇಳಿರ್ಲಿಲ್ಲಪ್ಪ” ಎಂದಳು. “ಅವಳೇ ಕರೆದು ಕೊಟ್ಲು. ಯಾರ ನೀರು ಅಂತ ನಮಗೇನು ಗೊತ್ತು?”

ಯಾರೋ ಹೌದು ಹೌದು ಎಂದರು. ದರ್ಜಿಯ ಹೆಂಡತಿ ಬಿಂದಿಗೆಯನ್ನು ಬೆನ್ನ ಹಿಂದೆ ಸರಿಸಿಕೊಂಡಳು. ಆ ಬಿಂದಿಗೆಗೆ ನೀರು ತುಂಬಿಸಿ, ಹೊರಲಾರಳೆಂದು ಅವಳ ಮನೆ ಬಾಗಿಲಿಗೆ ನಾನೇ ಇಟ್ಟು ಬಂದಿದ್ದೆ. ನನಗೆ ಅಳು ಬರಲಿಲ್ಲ, ಹೊಟ್ಟೆ ಉರಿಯಿತು. ಸಾಹೇಬರ ಮೇಲೆ ಉರಿದದ್ದಕ್ಕಿಂತ ಇವರ ಮೇಲೆ ಹೆಚ್ಚು ಉರಿಯಿತು.

“ನಾಳೆ ಶೆಡ್ ಖಾಲಿ ಮಾಡು” ಎಂದು ಸಾಹೇಬರು ಕರವಸ್ತ್ರದಿಂದ ಬೂಟು ಒರೆಸಿಕೊಂಡು ಜೀಪು ಹತ್ತಿದರು.

ಶೆಡ್ಡು ಎಂದರೆ ಅರಮನೆಯಲ್ಲ. ಮೂರು ಕಡೆ ಇಟ್ಟಿಗೆ, ಮುಂದೆ ಪರದೆ, ಮೇಲೆ ತಗಡು. ಹಳಿಯ ಪಕ್ಕದ ಬಯಲಿನಲ್ಲಿ ಕೆಲಸದವರಿಗೆಂದು ಕಟ್ಟಿದ ಸಾಲಿನಲ್ಲಿ ಕೊನೆಯದು. ಒಳಗೆ ಬಾಣಂತಿ ಮಗಳು, ಇನ್ನೂ ಹೊಕ್ಕುಳ ಬಳ್ಳಿ ಉದುರದ ಕೂಸು. ಅಳಿಯ ಬೇರೆ ಊರಿನ ಕೆಲಸಕ್ಕೆ ಹೋದವನು ಇನ್ನೂ ಬಂದಿರಲಿಲ್ಲ. ಆ ತಗಡು ಹೋದರೆ ಬಿಸಿಲಲ್ಲಿ ಹಸಿಮೈಯ ಮಗಳನ್ನು ಎಲ್ಲಿ ಮಲಗಿಸಲಿ? ಆ ಸಂಜೆ ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ.

ಅಣ್ಣ ಪರದೆ ಸರಿಸಿ ಒಳಗೆ ಬಂದ. ಕೂಸಿಗೆ ಒಂದು ಟೋಪಿ ತಂದಿದ್ದ.

“ಸಿಟ್ಟಾಗಬೇಡ್ವೇ. ಹೌದು ಅಂದಿದ್ರೆ ನನ್ನನ್ನೂ ಒದ್ದು ಹೊರಗೆ ಹಾಕ್ತಿದ್ರು. ಇಬ್ರೂ ಬೀದಿಗೆ ಬಿದ್ದು ಏನು ಮಾಡೋದು? ಸಾಹೇಬ್ರ ಜೊತೆ ಮಾತಾಡಿದೀನಿ. ನಾಳೆ ಸರ್ಕಾರದ ಕಡೆಯಿಂದ ದೊಡ್ಡ ಸಾಹೇಬ್ರು ಬರ್ತಾರೆ. ಎಲ್ಲರ ಮುಂದೆ ಅವರ ಕಾಲಿಗೆ ಬಿದ್ದು, ನೀರು ಕದ್ದು ಹಂಚಿದೆ, ತಪ್ಪಾಯ್ತು ಅನ್ನು. ಕೂಸು ಕುತ್ತಿಗೆ ನಿಲ್ಲಿಸೋವರೆಗೆ ಶೆಡ್ ಮುಟ್ಟಲ್ಲ ಅಂದಿದಾರೆ.”

“ನನ್ನ ತಪ್ಪಿನಿಂದ ಅವರಿಗೇನು ಲಾಭ?”

“ನೀರಿನ ಕಳ್ಳತನದಿಂದ ಕಾಂಕ್ರೀಟು ಕೆಟ್ಟಿತು ಅಂದ್ರೆ ಸರ್ಕಾರ ತನ್ನ ದುಡ್ಡಲ್ಲಿ ಮತ್ತೆ ಹಾಕಿಸುತ್ತೆ. ಕಂಪನಿಯ ತಪ್ಪು ಅಂದ್ರೆ ಕಂಪನಿಗೆ ಹೊರೆ.”

“ಮತ್ತೆ ಇದನ್ನ ಒಡೆದು ಹಾಕೋ ಗುತ್ತಿಗೆ ಯಾರಿಗೆ? ನಿನಗಾ?”

ಅಣ್ಣ ಟೋಪಿಯ ದಾರ ಬಿಡಿಸುತ್ತ ಕೂತ. ಮೂಲೆಯಲ್ಲಿ ಮಲಗಿದ್ದ ಮಗಳು ಆ ಕಡೆ ಮುಖ ಮಾಡಿಕೊಂಡೇ ಹೇಳಿದಳು:

“ಮಾವ, ಈ ಕೂಸಿನ ಮೈ ತೊಳೆದ ನೀರೂ ಕದ್ದಿದ್ದೇ ಅಂತ ಸೇರಿಸ್ಬಿಡು. ನಿನಗೆ ಇನ್ನೂ ಒಳ್ಳೇದಾಗ್ಲಿ.”

ಅವನು ಎದ್ದು ಹೋದ. ಟೋಪಿ ಅಲ್ಲೇ ಬಿಟ್ಟಿದ್ದ.

ಮರುದಿನ ನಾನು ಹೋದೆ. ಹೋಗಬಾರದಿತ್ತು ಎನ್ನುವವರು ಒಮ್ಮೆ ಆ ತಗಡಿನ ಕೆಳಗೆ ಬಾಣಂತಿಯನ್ನು ಮಲಗಿಸಿ ನೋಡಲಿ. ಫೋಟೋದಲ್ಲಿ ಕಾಣದಿರಲೆಂದು ಬಿರುಕಿನ ಮೇಲೆಲ್ಲ ಗೋಣಿ ಮುಚ್ಚಿದ್ದರು, ಚೆನ್ನಾಗಿ ಒದ್ದೆ ಮಾಡಿದ್ದರು. ದೊಡ್ಡ ಸಾಹೇಬರಿಗೆ ಹಳಿಗಳ ನಡುವೆ ಕುರ್ಚಿ, ತಲೆಯ ಮೇಲೆ ಕೊಡೆ. ಬೀದಿಯವರು ಹಲಗೆಗಳ ಮೇಲೆ ಬಿಂದಿಗೆ ಹಿಡಿದೇ ನಿಂತಿದ್ದರು. ಕೊಳವೆ ಜೋಡಿಸುವವರು ಇನ್ನೂ ಬಂದಿರಲಿಲ್ಲ, ಬಂದರೆ ತುಂಬಿಕೊಳ್ಳೋಣವೆಂದು. ಪಕ್ಕದಲ್ಲಿ ತುಂಬಿದ ಟ್ಯಾಂಕರ್.

ಬಗ್ಗಿದೆ. ಕೈ ನೆಲಕ್ಕೂರಿ, ಹಣೆ ದೊಡ್ಡ ಸಾಹೇಬರ ಬೂಟಿನ ಹತ್ತಿರಕ್ಕೆ ತಂದೆ. ಬೂಟಿಗೆ ಹೊಸ ಪಾಲಿಶ್ ಹಾಕಿದ ವಾಸನೆ.

“ನೀರು ಕದ್ದು ಹಂಚಿದೆ ಸ್ವಾಮಿ. ತಪ್ಪಾಯ್ತು.”

“ಜೋರಾಗಿ ಹೇಳೇ” ಎಂದರು ನಮ್ಮ ಸಾಹೇಬರು.

ಜೋರಾಗಿ ಹೇಳಿದೆ. ಏಳಲು ಹೊರಟರೆ ಅಣ್ಣನ ಕೈ ಹೆಗಲ ಮೇಲೆ ಬಿತ್ತು. “ಹಾಗೇ ಇರು. ಫೋಟೋ ಸರಿಯಾಗಿ ಬಂದಿಲ್ಲವಂತೆ.”

ಹಾಗೇ ಇದ್ದೆ. ಆಗಲೇ ಆ ಶಬ್ದ ಕೇಳಿಸಿತು. ತಗಡು ಕಲ್ಲಿನ ಮೇಲೆ ಬಿದ್ದ ಶಬ್ದ, ಅದರ ಹಿಂದೆಯೇ ಕೂಸಿನ ಅಳು. ಬಗ್ಗಿದಲ್ಲಿಂದಲೇ ಕತ್ತು ಹೊರಳಿಸಿ ನೋಡಿದೆ. ನಮ್ಮ ಕೆಲಸದ ಇಬ್ಬರು ಆಳುಗಳೇ ಶೆಡ್ಡಿನ ಗೋಡೆ ಹತ್ತಿದ್ದರು. ಒಂದು ತಗಡು ಆಗಲೇ ಕೆಳಗಿತ್ತು, ಇನ್ನೊಂದನ್ನು ಕೀಳುತ್ತಿದ್ದರು. ಮಗಳು ಮೈಮೇಲಿನ ದುಪ್ಪಟಿಯನ್ನೇ ಕೂಸಿಗೆ ಅಡ್ಡ ಹಿಡಿದು ಬಯಲಲ್ಲಿ ನಿಂತಿದ್ದಳು.

“ಅಣ್ಣ” ಎಂದೆ. ಅವನ ಕೈ ನನ್ನ ಹೆಗಲನ್ನು ಇನ್ನಷ್ಟು ಒತ್ತಿತು. ಅವನು ಆ ಕಡೆ ತಿರುಗಿಯೂ ನೋಡಲಿಲ್ಲ. ನೋಡಬೇಕಾಗಿರಲಿಲ್ಲ, ಅವನಿಗೆ ಮೊದಲೇ ಗೊತ್ತಿತ್ತು.

ಕೈ ಕೊಡವಿ ಎದ್ದೆ. ಯಾರು ಏನೆಂದರೋ ಕೇಳಿಸಲಿಲ್ಲ. ನೇರ ಟ್ಯಾಂಕರಿನ ಹಿಂದಕ್ಕೆ ಹೋಗಿ ವಾಲ್ವನ್ನು ಪೂರ್ತಿ ತಿರುಗಿಸಿ, ಚಿಂದಿ ಎಳೆದು, ಹಿಡಿ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡೆ. ನೀರು ಧುಮುಕಿತು. ಗೋಣಿಗಳನ್ನು ಮಡಚಿ ಉರುಳಿಸಿತು, ಬಿರುಕುಗಳನ್ನೆಲ್ಲ ಬಯಲು ಮಾಡಿತು, ದೊಡ್ಡ ಸಾಹೇಬರು ಕಾಲೆತ್ತುವಷ್ಟರಲ್ಲಿ ಬೂಟು ತುಂಬಿತು.

“ಬನ್ರೇ!” ಎಂದು ಕೂಗಿದೆ. “ಇವತ್ತು ಯಾರೂ ಹೇಳಿಲ್ಲ, ನಾನೇ ಕೊಡ್ತಿದೀನಿ. ಈಗ ಅನ್ನಿ ಕಳ್ಳಿ ಅಂತ!”

ಒಬ್ಬರೂ ಅಲುಗಲಿಲ್ಲ. ನೀರು ಹಲಗೆಗಳ ಕೆಳಗೆ ಹರಿಯುತ್ತಿತ್ತು, ಬಿಂದಿಗೆಗಳು ಮೇಲೆ ಖಾಲಿ ನಿಂತಿದ್ದವು. ಕೊನೆಗೆ ಇಸ್ತ್ರಿ ಅಜ್ಜಿ ಹಲಗೆಯಿಂದ ಇಳಿದು ಮೊಣಕಾಲುದ್ದ ಕೆಸರು ತುಳಿಯುತ್ತ ಬಂದಳು.

“ತಗೊಳ್ಲೇನೇ ನೀರಕ್ಕ?” ಎಂದಳು. ದನಿ ಸತ್ತಿತ್ತು.

“ನನ್ನ ಕೇಳಬೇಡ. ನಾಳೆ ಅವರು ಕೇಳಿದ್ರೆ, ಅವಳೇ ಕರೆದು ಕೊಟ್ಲು ಅನ್ನು. ಇವತ್ತು ಅದು ನಿಜ.”

ಅವಳು ಬಿಂದಿಗೆ ಒಡ್ಡಲಿಲ್ಲ. ಅಲ್ಲೇ ನಿಂತು ಅತ್ತಳು. ಅವಳ ಹಿಂದೆ ಉಳಿದವರು ನುಗ್ಗಿದರು. ದೊಡ್ಡ ಸಾಹೇಬರ ಕುರ್ಚಿ ಯಾರ ಕಾಲಿಗೋ ಸಿಕ್ಕಿ ಗುಂಡಿಗೆ ಉರುಳಿತು.

ಅಣ್ಣ ಎರಡೂ ಕೈಯಿಂದ ವಾಲ್ವಿನ ಬಾಯಿ ಒತ್ತಿ ಹಿಡಿದಿದ್ದ. ನೀರು ಬೆರಳ ಸಂದಿಯಿಂದ ಚಿಮ್ಮಿ ಅವನ ಮುಖಕ್ಕೇ ಹೊಡೆಯುತ್ತಿತ್ತು. “ಹಿಡಿ ಎಲ್ಲೇ? ಹಿಡಿ ಕೊಡೇ ತಾಯಿ, ನನ್ನ ಕೆಲಸ ಹೋಗುತ್ತೆ!”

“ನನಗೇನೂ ಗೊತ್ತಿಲ್ಲ ಸಾರ್” ಎಂದೆ.

ಬಯಲಿಗೆ ಹೋಗಿ ಮಗಳ ಕೈಯಿಂದ ಕೂಸನ್ನು ತೆಗೆದುಕೊಂಡೆ. ನಮ್ಮ ತಲೆಯ ಮೇಲೆ ತಗಡು ಇರಲಿಲ್ಲ. ಸೊಂಟದಲ್ಲಿ ಕಬ್ಬಿಣದ ಹಿಡಿ ಒತ್ತುತ್ತಿತ್ತು. ಹಿಂದಿನಿಂದ ಅಣ್ಣ ಇನ್ನೂ ಕರೆಯುತ್ತಿದ್ದ, ನಾನು ತಿರುಗಲಿಲ್ಲ.