ಕತ್ತರಿಸಿದ ಮೂವತ್ತೆಂಟು ನಿಮಿಷ

ಎದುರು ಸೀಟಿನ ಹೆಂಗಸು ಬಟಾಣಿ ಸುಲಿಯುತ್ತಿದ್ದಾಳೆ, ಹೆಬ್ಬೆರಳಿನಿಂದ ಒತ್ತಿದರೆ ಸಿಪ್ಪೆ ಬಾಯಿ ಬಿಡುತ್ತದೆ, ಕಾಳು ಡಬ್ಬಿಗೆ, ಸಿಪ್ಪೆ ಪ್ಲಾಸ್ಟಿಕ್ ಚೀಲಕ್ಕೆ, ಹುಳು ಹಿಡಿದದ್ದು ಸಿಕ್ಕರೆ ಕಿಟಕಿಯಾಚೆ, ಕೈ ತಡೆದು ನೋಡುವುದೂ ಇಲ್ಲ, ಬೆರಳಿಗೇ ಗೊತ್ತು — ಪರೇಲಿನಲ್ಲಿ ಹತ್ತಿದಾಗಿನಿಂದ ವೈಶಾಲಿ ಅದನ್ನೇ ನೋಡುತ್ತಿದ್ದಾಳೆ, ಲೇಡೀಸ್ ಕಂಪಾರ್ಟ್‌ಮೆಂಟಿನಲ್ಲಿ ಈ ಹೊತ್ತಿಗೆ ಕೂರಲು ಜಾಗ ಸಿಕ್ಕಿದ್ದೇ ದೊಡ್ಡದು, ಕಣ್ಣು ಮುಚ್ಚಬಹುದಿತ್ತು, ಆದರೆ ಮುಚ್ಚಿದರೆ ಬೆಳಿಗ್ಗೆಯ ವಿಡಿಯೋ ಕರೆಯ ಆ ಏಳು ಚೌಕಗಳು, ಏಳು ಮುಖಗಳು, ದಿಲ್ಲಿಯ ಸಮಿತಿ, ನಡುವಿನ ಚೌಕದಲ್ಲಿ ಬಿಳಿಕೂದಲಿನ ಅಧ್ಯಕ್ಷೆ, ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡು, ಡಾಕ್ಟರ್ ವೈಶಾಲಿ, ಒಂದು ಸಣ್ಣ ಪ್ರಶ್ನೆ, ಈ ವಿಡಿಯೋದಲ್ಲಿ ನಡುವೆ ಎಲ್ಲೂ ಕಟ್ ಮಾಡಿಲ್ಲ ತಾನೆ. ಇಲ್ಲ ಮೇಡಂ. ಅಷ್ಟೇ. ಎರಡು ಶಬ್ದ. ಇಷ್ಟು ಸುಲಭವಾಗಿ ಬರುತ್ತದೆಂದು ಗೊತ್ತಿರಲಿಲ್ಲ, ಹದಿನಾಲ್ಕು ವರ್ಷ ಸಂಶೋಧನೆ ಮಾಡಿದ ಬಾಯಿ. ಅಧ್ಯಕ್ಷೆ ನಕ್ಕರು, ಬಹಳ ಚೆನ್ನಾಗಿ ಹೇಳುತ್ತಾರೆ ಅಜ್ಜಿ ಎಂದರು, ಪಕ್ಕದಲ್ಲಿ ಕುಳಿತಿದ್ದ ವಿಭಾಗದ ಮುಖ್ಯಸ್ಥರು, ಎಲ್ಲರೂ ಸರ್ ಎನ್ನುವ ಸರ್, ಮೇಜಿನ ಕೆಳಗೆ ಮಂಡಿಯನ್ನು ಒಮ್ಮೆ ತಟ್ಟಿಕೊಂಡರು, ಮತ್ತೆ ಅರ್ಧ ಗಂಟೆಗೆಲ್ಲ ಅವರಿಗೆ ದಿಲ್ಲಿಯಿಂದ ಫೋನು, ಶಿಫಾರಸು ಮಾಡುತ್ತಾರಂತೆ, ಇನ್ನೆರಡು ವರ್ಷ, ಅನುದಾನ ನಿಲ್ಲುವುದಿಲ್ಲ, ಹೋಗು ವೈಶಾಲಿ, ಇವತ್ತು ಬೇಗ ಮನೆಗೆ ಹೋಗು, ಸೆಲೆಬ್ರೇಟ್ ಮಾಡು. ಅವಳು ಮನೆಗೆ ಹೋಗುತ್ತಿಲ್ಲ. ಬುಧವಾರ. ಬುಧವಾರ ಘಾಟ್ಕೋಪರ್, ವಿಡಿಯೋದ ಅಜ್ಜಿ ರಾಜೀವಿಯಮ್ಮನ ಮನೆ.

ದಾದರ್, ನುಗ್ಗಿದವರು ಅವಳ ಮಂಡಿಗಳ ನಡುವೆ ಬ್ಯಾಗು ಇಳಿಸುತ್ತಾರೆ, ಬಟಾಣಿಯವಳು ಡಬ್ಬಿಯನ್ನು ಮಡಿಲಿಗೆ ಎಳೆದುಕೊಳ್ಳುತ್ತಾಳೆ — ಕಟ್ ಮಾಡಿಲ್ಲ ತಾನೆ — ಮಾಡಿದ್ದು ಭಾನುವಾರ, ಆಂಟಾಪ್ ಹಿಲ್ಲಿನ ತನ್ನ ಮನೆಯಲ್ಲಿ, ಅಡಿಗೆಮನೆಯ ಕಟ್ಟೆಯ ಮೇಲೆ ಲ್ಯಾಪ್‌ಟಾಪು ಇಟ್ಟುಕೊಂಡು, ಒಂದು ಕಡೆ ಬೇಳೆ ಬೇಯುತ್ತಿತ್ತು. ನಲವತ್ತು ನಿಮಿಷದ ರೆಕಾರ್ಡಿಂಗು, ಅದರಲ್ಲಿ ರಾಜೀವಿಯಮ್ಮ ಚಿತ್ರ ನೋಡಿ ಹೆಸರು ಹೇಳಿದ್ದು ಮೂರು ಸಲ, ಮೂರನ್ನೂ ಕತ್ತರಿಸಿ ಜೋಡಿಸಿದರೆ ಎರಡು ನಿಮಿಷ, ಉಳಿದ ಮೂವತ್ತೆಂಟು ನಿಮಿಷ ಏನು, ಸುಮ್ಮನಿದ್ದದ್ದು. ಬೆಕ್ಕಿನ ಚಿತ್ರ ಹಿಡಿದು ನಾಲ್ಕು ನಿಮಿಷ ಸುಮ್ಮನಿದ್ದದ್ದು. ಬೀಗದ ಚಿತ್ರಕ್ಕೆ, ಅದು, ಅದು ಉಂಟಲ್ಲ, ಅದು, ಎಂದದ್ದು. ಸೆರಗಿನಿಂದ ಮೇಜನ್ನು ಮತ್ತೆ ಮತ್ತೆ ಒರೆಸಿದ್ದು, ನೀವು ಯಾರು ಅಂತ ಮರ್ತುಹೋಯ್ತು, ತಪ್ಪು ತಿಳೀಬೇಡಿ ಎಂದು ಎರಡು ಸಲ ಕೇಳಿದ್ದು. ಆಲ್‌ಝೈಮರ್ ಬಂದು ಆರು ವರ್ಷವಾದವರು ಹಾಗೇ ಇರುತ್ತಾರೆ, ಅದರಲ್ಲಿ ಮುಚ್ಚಿಡುವಂಥದ್ದೇನಿದೆ. ಆದರೆ ಸರ್ ಹೇಳಿದ್ದರಲ್ಲ, ನಿನ್ನ ಗ್ರಾಫು ನೋಡಿದರೆ ಅವರು ನಿದ್ದೆ ಹೋಗುತ್ತಾರೆ ವೈಶಾಲಿ, ಎರಡು ಗೆರೆ, ಎರಡೂ ಕೆಳಗೇ ಇಳಿಯುತ್ತವೆ, ಅವರಿಗೆ ಒಂದು ಮುಖ ತೋರಿಸು, ಮಾತಾಡುವ ಒಂದು ಮುಖ. ಎರಡು ಗೆರೆ. ಮೂರು ವರ್ಷ, ಅರವತ್ತನಾಲ್ಕು ಮನೆ, ಅವಳೂ ಅವಳ ತಂಡದವರೂ ವಾರಕ್ಕೊಮ್ಮೆ ಎರಡು ಗಂಟೆ ಹೋಗಿ ಅವರವರ ಭಾಷೆಗಳಲ್ಲಿ ಮಾತಾಡಿಸಿದರೆ ಮರೆವು ನಿಧಾನವಾಗುತ್ತದೆಯೇ — ಮುಂಬಯಿಯ ಈ ಮುದುಕರು ಮನೆಯಲ್ಲಿ ಒಂದು, ಮಾರ್ಕೆಟಿನಲ್ಲಿ ಒಂದು, ದೇವರ ಮುಂದೆ ಒಂದು ಭಾಷೆ ಆಡಿದವರು, ಒಂದು ಬಾಗಿಲು ಮುಚ್ಚಿದರೆ ಇನ್ನೊಂದರಿಂದ ಶಬ್ದ ಹೊರಗೆ ಬಂದೀತು — ಅರ್ಜಿಯಲ್ಲಿ ಹಾಗೆ ಬರೆದಿದ್ದಳು, ಬರೆಯುವಾಗ ನಂಬಿದ್ದಳು, ಸರ್ಕಾರವೂ ನಂಬಿತು. ಹೋದ ಮನೆಗಳ ಗೆರೆಯೂ ಇಳಿಯಿತು, ಹೋಲಿಕೆಗೆಂದು ಹೋಗದೆ ಬಿಟ್ಟ ಮನೆಗಳ ಗೆರೆಯೂ ಇಳಿಯಿತು, ಜೊತೆಜೊತೆಗೇ, ಅಕ್ಕತಂಗಿಯರು ಮೆಟ್ಟಿಲಿಳಿದ ಹಾಗೆ. ಬದಲಾದದ್ದು ಒಂದೇ, ಮನೆಯಲ್ಲಿ ನೋಡಿಕೊಳ್ಳುವವರ ನಿದ್ದೆ, ಹೋದ ಮನೆಗಳ ಹೆಣ್ಣುಮಕ್ಕಳು, ಸೊಸೆಯಂದಿರು ದಿನಕ್ಕೆ ಮುಕ್ಕಾಲು ಗಂಟೆ ಹೆಚ್ಚು ಮಲಗುತ್ತಿದ್ದಾರೆ, ಅದನ್ನು ವರದಿಯ ಕೊನೆಗೆ ನಾಲ್ಕನೇ ಅನುಬಂಧದಲ್ಲಿ ಹಾಕಿದ್ದಳು, ಯಾರು ಓದುತ್ತಾರೆ ಅನುಬಂಧ, ದಿಲ್ಲಿಯವರು ಕೇಳಿದ್ದು ರೋಗಿಯ ಸುಧಾರಣೆ, ಮಗಳ ನಿದ್ದೆಗೆ ಫಾರಮ್ಮಿನಲ್ಲಿ ಕಾಲಮ್ಮೇ ಇಲ್ಲ.

ಮಾಟುಂಗಾ ದಾಟಿ ಸಾಯನ್, ಫೋನು ನಡುಗುತ್ತದೆ, ಅಪ್ಪಾ, ಸಿದ್ದರಾಮಪ್ಪ, ಕೇಂದ್ರ ಸರ್ಕಾರದ ಕಚೇರಿಯಲ್ಲಿ ಮೂವತ್ನಾಲ್ಕು ವರ್ಷ ಫೈಲು ನೋಡಿದವರು, ವಿಜಯಪುರ ಬಿಟ್ಟು ಅರ್ಧ ಶತಮಾನವಾದರೂ ಮಾತು ಅಲ್ಲಿಯದೇ. ಏನಾತವಾ, ದಿಲ್ಲಿ ಮಂದಿ ಏನಂದ್ರು. ಆತಪ್ಪಾ, ಕೊಡತೀವಿ ಅಂದ್ರು. ಛೊಲೋ ಆತು ಬಿಡು, ನಾ ಅಂದಿದ್ನಿಲ್ಲೋ, ಖರೇ ಕೆಲಸ ಮಾಡಿದ್ರ ಸರ್ಕಾರ ಕೊಡತೈತಿ, ನಮ್ಮ ಮಂದಿ ಸುಮ್ನ ಬೈತಾರ. ಹೂಂ ಅಪ್ಪಾ. ಯಾಕ, ದನಿ ಯಾಕ ಹಿಂಗೈತಿ, ಉಂಡಿಯೋ ಇಲ್ಲೋ. ಟ್ರೇನಿನ್ಯಾಗ ಅದೀನಿ ಅಪ್ಪಾ, ಕೇಳ್ಸವಲ್ದು. ಇಟ್ಟುಬಿಟ್ಟಳು. ಕೇಳಿಸುತ್ತಿತ್ತು. ಖರೇ ಕೆಲಸ. ಒಂದು ಸಲ ಅಪ್ಪ ಯಾವುದೋ ಕಾಗದದ ಮೇಲೆ ಹಿಂದಿನ ತಾರೀಖು ಹಾಕಿ ಸಹಿ ಮಾಡಲು ಒಪ್ಪದೆ ನಾಗಪುರಕ್ಕೆ ಎರಡು ವರ್ಷ ವರ್ಗವಾಗಿದ್ದರು, ಅವ್ವ ಕೇಳಿದ್ದಳು, ಒಂದು ತಾರೀಖಿಗೆ ಇಷ್ಟೆಲ್ಲಾನ, ಅಪ್ಪ ಹಾಸಿಗೆ ಸುತ್ತಿಕೊಂಡು ಹೋದರು, ಆಗ ಅವಳಿಗೆ ಹನ್ನೊಂದು ವರ್ಷ, ಅಪ್ಪನ ಮೇಲೆ ಸಿಟ್ಟು ಬಂದಿತ್ತು, ಶಾಲೆಯ ಗ್ಯಾದರಿಂಗಿಗೆ ಬರಲಿಲ್ಲ ಎಂದು. ಕುರ್ಲಾ. ವಿದ್ಯಾವಿಹಾರ್. ಬಟಾಣಿಯವಳು ಸಿಪ್ಪೆಯ ಚೀಲಕ್ಕೆ ಗಂಟು ಹಾಕಿ, ಡಬ್ಬಿಯ ಮುಚ್ಚಳ ಒತ್ತಿ ಕಣ್ಣು ಮುಚ್ಚಿಕೊಂಡಳು.

ಸ್ಟೇಷನ್ನಿನಿಂದ ಹತ್ತು ನಿಮಿಷ, ಮೆಟ್ರೋದ ನೆರಳಿನಲ್ಲಿ, ಕರಿದ ಫರ್ಸಾಣ ತಿಂಡಿಯ ಅಂಗಡಿಯ ಎಣ್ಣೆ ವಾಸನೆ ದಾಟಿ, ಸೊಸೈಟಿಯ ಗೇಟು, ಮೂರನೇ ಮಹಡಿ. ಬೆಲ್ಲಿಗೆ ಕೈ ಇಡುವ ಮೊದಲೇ ಬಾಗಿಲು ತೆರೆದದ್ದು ಶೀಲಾವತಿ, ಮಗಳು, ಐವತ್ತೊಂದು, ಟೀಚರ್ ಕೆಲಸ ಬಿಟ್ಟು ನಾಲ್ಕು ವರ್ಷ, ಅಪ್ಪ ಕೊರಗಪ್ಪ ಇದೇ ರಸ್ತೆಯ ಹೋಟೆಲಿನ ಗಲ್ಲಾದಲ್ಲಿ ಕೂತು ಕೂತೇ ತೀರಿಕೊಂಡ ಮೇಲೆ ಅಮ್ಮನ ಜೊತೆ ಉಳಿದವಳು ಅವಳೊಬ್ಬಳೇ. ಬುಧವಾರದ ಎರಡು ಗಂಟೆ ಅವಳು ಎದುರು ಫ್ಲ್ಯಾಟಿನ ಗುಜರಾತಿಯವರ ಮನೆಗೆ ಹೋಗಿ, ಅವರ ಒಳಕೋಣೆಯಲ್ಲಿ ಬಾಗಿಲು ಹಾಕಿ ಮಲಗುತ್ತಾಳೆ. ಎಲ್ಲಿಗೂ ಹೋಗುವುದಿಲ್ಲ. ಬರೀ ಮಲಗುತ್ತಾಳೆ. ಇವತ್ತು ಹೋಗಲಿಲ್ಲ, ಡಾಕ್ಟ್ರೆ, ಎಂತ ಆಯ್ತು, ಸಿಕ್ಕಿತಾ. ಸಿಗುತ್ತದಂತೆ. ಶೀಲಾವತಿ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಳು, ಆಮೇಲೆ ಒಳಗೆ ಹೋಗಿ ಚಹಾಕ್ಕೆ ಇಟ್ಟಳು, ಅಲ್ಲಿಂದಲೇ, ಆ ವಿಡಿಯೋ ಒಮ್ಮೆ ತೋರಿಸಿ, ಸುಕೇಶನಿಗೆ ಕಳಿಸಬೇಕು, ತಮ್ಮ ದಿನಾ ಫೋನ್ ಮಾಡಿ ಅಮ್ಮನನ್ನು ಪನ್ವೇಲಿನ ವೃದ್ಧರ ಹೋಮಿಗೆ ಹಾಕುವ ಹಾಕುವ ಅಂತಾನೆ, ಅಮ್ಮನಿಗೆ ಏನೂ ಗೊತ್ತಾಗುದಿಲ್ಲ ಅಂತಾನೆ, ಅವ ನೋಡಲಿ. ತೋರಿಸಬಾರದಿತ್ತು. ಹೇಗೆ ತೋರಿಸದಿರುವುದು. ಫೋನನ್ನು ಚಹಾದ ಲೋಟಕ್ಕೆ ಒರಗಿಸಿ ಇಟ್ಟಳು, ರಾಜೀವಿಯಮ್ಮ ಪಕ್ಕದಲ್ಲೇ, ಬಿಳಿ ಕೂದಲು ಎಣ್ಣೆ ಹಾಕಿ ಬಾಚಿ, ನೀಲಿ ಸೀರೆ, ಮಡಿಲಲ್ಲಿ ಕೈ. ಪರದೆಯ ರಾಜೀವಿಯಮ್ಮ ತೆಂಗಿನಕಾಯಿಯ ಚಿತ್ರ ಹಿಡಿದು, ತಾರಾಯಿ, ಎನ್ನುತ್ತಾಳೆ, ತುಳುವಿನಲ್ಲಿ, ಒಂದು ಗಳಿಗೆ ಬಿಟ್ಟು, ತೆಂಗಿನಕಾಯಿ, ನಾರಳ್, ನಾರಿಯಲ್, ಮತ್ತೆ ನಗುತ್ತಾಳೆ, ಹೋಳಾಗಿ ಒಡೆಯದಿದ್ದರೆ ನಮ್ಮ ಯಜಮಾನರಿಗೆ ಸಿಟ್ಟು. ಅಷ್ಟನ್ನು ಹೇಳುವುದಕ್ಕೆ ಅವತ್ತು ಹನ್ನೆರಡು ನಿಮಿಷ ಹಿಡಿದಿತ್ತು. ಇಲ್ಲಿ ಹದಿನೈದು ಸೆಕೆಂಡು. ಶೀಲಾವತಿ ನೋಡಿದಳು, ಮೊದಲು ತುಟಿ ಅರಳಿತು, ಆಮೇಲೆ ಹುಬ್ಬು ಕೂಡಿತು, ಎರಡನೇ ಸಲ ಹಾಕಿಸಿ ನೋಡಿದಳು, ಆಗ ಅವಳ ಕಣ್ಣು ಅಮ್ಮನ ಮುಖದ ಮೇಲಿರಲಿಲ್ಲ, ಹಿಂದಿನ ಗೋಡೆಯ ಗಡಿಯಾರದ ಮೇಲಿತ್ತು, ಹನ್ನೊಂದು ಗಂಟೆ, ಹನ್ನೊಂದು ಇಪ್ಪತ್ತು, ಹನ್ನೊಂದು ಮೂವತ್ತೈದು. ವೈಶಾಲಿ ಇಷ್ಟು ದಿನ ಗಡಿಯಾರವನ್ನೇ ನೋಡಿರಲಿಲ್ಲ, ಏಳು ಮಂದಿ ದೊಡ್ಡವರೂ ನೋಡಿರಲಿಲ್ಲ. ಕಟ್ ಮಾಡಿದ್ರಾ, ಶೀಲಾವತಿ ಮೆಲ್ಲಗೆ ಕೇಳಿದಳು. ಹೂಂ. ದಿಲ್ಲಿಯವರಿಗೆ ಗೊತ್ತುಂಟಾ. ಇಲ್ಲ. ಶೀಲಾವತಿ ಲೋಟ ತೆಗೆದುಕೊಂಡು ಒಳಗೆ ಹೋದಳು, ನಲ್ಲಿ ಬಿಟ್ಟ ಸದ್ದು, ನಿಲ್ಲಿಸಿದ ಸದ್ದು, ಹೊರಗೆ ಬಂದು ಕೈ ಒರೆಸುತ್ತ, ಮುಖ ನೋಡದೆ, ಒಳ್ಳೇದೇ ಆಯ್ತು ಡಾಕ್ಟ್ರೆ, ಇಲ್ಲದಿದ್ರೆ ಅವರು ಕೊಡ್ತಿರಲಿಲ್ಲ, ನಾನಾದರೂ ಹಾಗೇ ಮಾಡ್ತಿದ್ದೆ, ಬುಧವಾರ ಬರ್ತೀರಲ್ಲ ಇನ್ನು ಎರಡು ವರ್ಷ. ಬರ್ತೀರಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಮೇಜಿನ ಮೇಲಿನ ಫೋನಿನಲ್ಲಿ ವಿಡಿಯೋ ತಾನಾಗಿಯೇ ಮೂರನೇ ಸಲ ಶುರುವಾಗಿತ್ತು, ಆಗ ವೈಶಾಲಿ ನೋಡಿದಳು, ರಾಜೀವಿಯಮ್ಮ ಮುಂದಕ್ಕೆ ಬಾಗಿದ್ದಾಳೆ, ಪರದೆಯನ್ನೇ ನೋಡುತ್ತಿದ್ದಾಳೆ, ಪಾಠ ಕೇಳುವ ಮಗುವಿನಷ್ಟು ಶ್ರದ್ಧೆಯಿಂದ, ಯಾರು ಇವರು, ಎಷ್ಟು ಚಂದ ಹೇಳ್ತಾರೆ ನೋಡಿ, ಎಲ್ಲ ಭಾಷೆ ಬರ್ತದೆ ಇವರಿಗೆ. ಶೀಲಾವತಿ ಅಮ್ಮಾ ಎಂದಳು, ಅಷ್ಟಕ್ಕೇ ಮಾತು ನಿಲ್ಲಿಸಿದಳು. ಹೆಸರೆಂತ ಇವರದ್ದು, ರಾಜೀವಿಯಮ್ಮ ವೈಶಾಲಿಯ ಕಡೆ ತಿರುಗಿ ಕೇಳಿದಳು, ಸುಳ್ಳು ಹೇಳಬಹುದಿತ್ತು, ಬೆಳಿಗ್ಗೆಯಷ್ಟೇ ಕಲಿತಿದ್ದಳಲ್ಲ, ಹೇಳಲಿಲ್ಲ, ರಾಜೀವಿ ಅಂತ, ಎಂದಳು. ಹೌದಾ, ನನ್ನದೂ ಅದೇ ಹೆಸರು. ಖುಷಿಯಾಯಿತು ಮುದುಕಿಗೆ. ಕೈ ಚಾಚಿ ಪರದೆಯನ್ನು ಮುಟ್ಟಿದಳು, ತೋರುಬೆರಳು, ಉಗುರಿನ ಅಂಚಿಗೆ ಅರಿಶಿನದ ಹಳದಿ, ಮುಟ್ಟಿದ ಕೂಡಲೇ ವಿಡಿಯೋ ನಿಂತಿತು, ಪರದೆಯ ರಾಜೀವಿ ತಾರಾಯಿ ಎನ್ನಲು ಹೊರಟವಳು ತಾ ಎಂದಲ್ಲಿಗೇ ಬಾಯಿ ತೆರೆದು ನಿಂತಳು. ನಂಗೆ ಅಷ್ಟೆಲ್ಲ ಬರುದಿಲ್ಲ ಮಗಳೇ, ರಾಜೀವಿಯಮ್ಮ ಹೇಳಿದಳು, ದುಃಖವಿಲ್ಲ, ದೂರಿಲ್ಲ, ಇರುವುದನ್ನು ಇರುವ ಹಾಗೆ, ನೀವು ಇವರ ಮನೆಗೆ ಹೋಗಿ, ನನ್ನ ಹತ್ರ ಯಾಕೆ ಬಂದು ಕೂರ್ತೀರಿ, ಇವರ ಹತ್ರ ಹೋಗಿ. ಶೀಲಾವತಿ ಒಳಗೆ ಹೋಗಿಬಿಟ್ಟಳು. ಬೆರಳು ತೆಗೆಯಲಿಲ್ಲ ರಾಜೀವಿಯಮ್ಮ, ಪರದೆ ಮಂಕಾಯಿತು, ಬೆರಳು ಅಲ್ಲೇ. ಹೋಗಿ ಅಂದಿದ್ದಳಲ್ಲ, ಹೋಗಲು ಆ ಮನೆ ಎಲ್ಲಿದೆ, ಆ ಹೆಂಗಸು ಎಲ್ಲಿದ್ದಾಳೆ, ಭಾನುವಾರ ಬೇಳೆ ಬೇಯುವಷ್ಟರಲ್ಲಿ ತಾನು ಮಾಡಿದ ಹೆಂಗಸು, ದಿಲ್ಲಿಯವರು ಒಪ್ಪಿದ್ದು ಅವಳನ್ನು, ಸಿಕ್ಕಿದ್ದು ಅವಳಿಗೆ, ನೀಲಿ ಸೀರೆಯಲ್ಲಿ ಇಲ್ಲಿ ಕುಳಿತವಳಿಗಲ್ಲ, ಇವಳ ನಾಲ್ಕು ನಿಮಿಷದ ಮೌನ ಯಾರಿಗೂ ಬೇಕಾಗಿರಲಿಲ್ಲ, ತನಗೇ ಬೇಕಾಗಿರಲಿಲ್ಲ.

ಆಮೇಲೆ ವೈಶಾಲಿ ಎರಡು ಗಂಟೆ ಕೂತಳು. ಯಾವ ಚಿತ್ರವನ್ನೂ ಹೊರಗೆ ತೆಗೆಯಲಿಲ್ಲ. ಶೀಲಾವತಿಯನ್ನು ಎದುರು ಮನೆಗೆ ಕಳಿಸಿದಳು, ಹೋಗಿ ಮಲಗಿ ಬನ್ನಿ, ಅವಳು ಹೋದಳು, ಕಣ್ಣು ಕೆಂಪಾಗಿತ್ತು. ಹೊರಡುವಾಗ ಮೆಟ್ಟಿಲಲ್ಲಿ ಶೀಲಾವತಿಗೆ ಹೇಳಿದಳು, ನಾನು ದಿಲ್ಲಿಯವರಿಗೆ ನಿಜ ಬರೆಯುತ್ತೇನೆ, ಇದು ನಿಂತರೂ ನಿಲ್ಲಬಹುದು, ನಿಮಗೆ ಮೊದಲು ಹೇಳಬೇಕು ಅನಿಸಿತು. ಶೀಲಾವತಿ ರೇಲಿಂಗಿಗೆ ಒರಗಿದಳು, ನಿಮಗೆ ಸರಿ ಕಂಡದ್ದನ್ನು ಮಾಡ್ತೀರಿ, ನಾನು ಎಂತ ಹೇಳುದು, ಆದರೆ ಡಾಕ್ಟ್ರೆ, ಅದರಲ್ಲಿ ನನ್ನ ನಿದ್ದೆ ಬರೀತೀರಾ, ಅದು ಸುಳ್ಳಲ್ಲವಲ್ಲ. ಬರೆಯುತ್ತೇನೆ, ಎಂದಳು. ಈಗ ಘಾಟ್ಕೋಪರಿನ ಪ್ಲ್ಯಾಟ್‌ಫಾರ್ಮು, ಸಂಜೆಯ ಜನ, ಕಂಬಕ್ಕೆ ಬೆನ್ನು ಕೊಟ್ಟು ಫೋನಿನಲ್ಲಿ ಟೈಪು ಮಾಡುತ್ತಾಳೆ — ಮಾನ್ಯರೆ, ಈ ದಿನ ನಾನು ತೋರಿಸಿದ ವಿಡಿಯೋ ಕತ್ತರಿಸಿ ಜೋಡಿಸಿದ್ದು, ಕೇಳಿದಾಗ ಇಲ್ಲವೆಂದೆ, ಅದು ಸುಳ್ಳು, ತಪ್ಪು ನನ್ನದು, ಇಡೀ ನಲವತ್ತು ನಿಮಿಷದ ಕೊಂಡಿ ಕೆಳಗಿದೆ, ರೋಗಿಗಳ ಅಂಕ ಸುಧಾರಿಸಿಲ್ಲ, ಸುಧಾರಿಸಿದ್ದು ನೋಡಿಕೊಳ್ಳುವವರ ನಿದ್ದೆ, ದಯವಿಟ್ಟು ನಾಲ್ಕನೇ ಅನುಬಂಧ ಓದಿ, ಬೆಲೆಯಿದೆ ಅನಿಸಿದರೆ ಅದಕ್ಕಾಗಿ ಕೊಡಿ — ಗಾಡಿ ಬಂತು, ಬಿಟ್ಟಳು, ಇನ್ನೊಂದು ಬಂತು, ಅದನ್ನೂ ಬಿಟ್ಟಳು, ಸರ್ ಹೆಸರನ್ನು ಪ್ರತಿಯಲ್ಲಿ ಸೇರಿಸಿ ಕಳಿಸಿದಳು. ಹೋಯಿತು. ಇನ್ನು ಯೋಚಿಸಬೇಕು, ಸರ್ ಫೋನು ಮಾಡುತ್ತಾರೆ, ಏನೆನ್ನಬೇಕು, ಅಪ್ಪನಿಗೆ ಏನು ಹೇಳುವುದು, ಅರವತ್ತನಾಲ್ಕು ಮನೆ, ಅನುದಾನ ಮುಗಿಯುವ ಮಾರ್ಚಿನ ನಂತರ ಬುಧವಾರ ರಜೆ ಹಾಕಿಯಾದರೂ ಬರಬಹುದು, ಒಂದು ಮನೆಗೆ ಬರಬಹುದು, ಉಳಿದ ಅರವತ್ತಮೂರಕ್ಕೆ — ಬೆರಳು — ಉಳಿದವರಿಗೆ ಯಾರು ಹೋಗಿ ಹೇಳುವುದು, ಹೇಗೆ — ಹಳದಿ ಅಂಚಿನ ಉಗುರು, ಗಾಜಿನ ಮೇಲೆ — ಫೋನು ನಡುಗುತ್ತಿದೆ, ಯಾರದೆಂದು ನೋಡುವುದಿಲ್ಲ — ಆ ಬೆರಳು, ಅದರ ಅಡಿಯಲ್ಲಿ ಬಾಯಿ ತೆರೆದ ಮುಖ, ಶಬ್ದ ಬರುವ ಮೊದಲೇ ನಿಂತ ಬಾಯಿ, ಆ ಬೆರಳು.