ಇಪ್ಪತ್ತಮೂರನೇ ನಂಬರಿನ ರಕ್ತ

ಡಾಕ್ಟರ್ ಮಧುಸೂದನ್ ಅವರ ಕೀರ್ತಿಗೆ ಒಂದೇ ಒಂದು ಸಂಖ್ಯೆ ಅಡ್ಡ ಬಂದಿತ್ತು. 2004ನೇ ಇಸವಿಯ ಮಾತು. ಚಾಮರಾಜಪೇಟೆಯ ಒಂದು ಸಂಶೋಧನಾಲಯದಲ್ಲಿ ಅವರು ಎರಡು ವರ್ಷದಿಂದ ಸಾಧಿಸಲು ಹೊರಟಿದ್ದು ಇಷ್ಟೇ: ಉರಿಯೂತಕ್ಕೆ ಸಂಬಂಧಪಟ್ಟ ಜೀನೊಂದು ಎರಡು ಬಗೆಯಲ್ಲಿ ಇರುತ್ತದೆ, ಅದರಲ್ಲಿ ಕೆಟ್ಟ ಬಗೆ ಇರುವ ಗಂಡಸರ ರಕ್ತದಲ್ಲಿ ಪಿಎಸ್‌ಎ, ಅಂದರೆ ಪ್ರಾಸ್ಟೇಟ್ ಕ್ಯಾನ್ಸರಿನ ಸುಳಿವು ಕೊಡುವ ಅಂಶ, ಜಾಸ್ತಿ ಇರುತ್ತದೆ. ಅದಕ್ಕೆ ಅರವತ್ತು ಜನ ಆರೋಗ್ಯವಂತ ಗಂಡಸರ ರಕ್ತ ಬೇಕಿತ್ತು. ಊರೆಲ್ಲ ಹುಡುಕುವ ಕಷ್ಟ ಯಾರಿಗೆ ಬೇಕು? ಸಂಸ್ಥೆಯ ಗುಮಾಸ್ತರು, ಡ್ರೈವರುಗಳು, ಅಟೆಂಡರುಗಳು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ತೋಳು ಚುಚ್ಚಿಸಿದರು. ತಲೆಗೊಂದು ಬಿಸ್ಕತ್ ಪೊಟ್ಟಣ ಕೊಟ್ಟರು. ಮಹಾ ದಾನಶೂರ.

ಚುಚ್ಚಿದವಳು ಲ್ಯಾಬ್ ಟೆಕ್ನೀಷಿಯನ್ ಧನುಶ್ರೀ. ಇಪ್ಪತ್ತಮೂರನೇ ನಂಬರಿನವರಿಗೆ ಆ ಕೆಟ್ಟ ಬಗೆ ಇರಲೇ ಇಲ್ಲ. ಆದರೆ ನಾಲ್ಕರೊಳಗೆ ಇರಬೇಕಾದ ಪಿಎಸ್‌ಎ ಮೂವತ್ತೆಂಟು ತೋರಿಸಿತು. ಇನ್ನೊಮ್ಮೆ ಮಾಡಿದಳು. ಮೂವತ್ತೊಂಬತ್ತು.

“ಮಿಷನ್ ತಪ್ಪು. ಆ ನಂಬರ್ ತೆಗೆದ್ಬಿಡಮ್ಮ,” ಎಂದರು ಮಧುಸೂದನ್.

“ಎರಡು ಸಲ ಮಾಡಿದೀನಿ ಸಾರ್. ಅವ್ರಿಗೆ ಹೇಳ್ಬೇಕಲ್ವಾ?”

“ಹೆಸರು ಗುಟ್ಟಾಗಿರ್ಬೇಕು. ಎಥಿಕ್ಸ್ ಅಂತ ಒಂದಿದೆ.”

ಎಥಿಕ್ಸಂತೆ, ಮಣ್ಣಂತೆ! ಧನುಶ್ರೀಗೆ ಮೈಯೆಲ್ಲ ಉರಿದುಹೋಯಿತು. ಈ ಮನುಷ್ಯನ ಹೆಸರು ಶುಕ್ರವಾರದೊಳಗೆ ಲಂಡನ್ನಿನ ವಿಜ್ಞಾನ ಪತ್ರಿಕೆಗೆ ಹೋಗಬೇಕು, ರಕ್ತ ಕೊಟ್ಟವನು ಎಕ್ಕುಟ್ಟಿ ಹೋದರೂ ಸರಿ. ಇಪ್ಪತ್ತಮೂರನ್ನು ತೆಗೆದ ಮೇಲೆ ಜೀನಿಗೂ ಪಿಎಸ್‌ಎಗೂ ನಂಟು ಬೆಣ್ಣೆಯ ಹಾಗೆ ಕೂಡಿಬಂತು. ಸಾಹೇಬರು ಅಂದು ಎಲ್ಲರಿಗೂ ಕಾಫಿ ತರಿಸಿದರು.

ಆ ನಂಬರು ಯಾರದೆಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ. ಚೀಟಿ ಬರೆದು ಅಂಟಿಸಿದವಳು ಅವಳೇ. ಅದು ಅಟೆಂಡರ್ ಬೈರಯ್ಯನವರ ರಕ್ತ. ಐವತ್ತೇಳು ವರ್ಷ, ಮನೆ ಶ್ರೀರಾಂಪುರ. ಅವರನ್ನು ಗೇಟಿನ ಹತ್ತಿರ ನಿಲ್ಲಿಸಿ, ನಿಮ್ಮದು ಇಪ್ಪತ್ತಮೂರನೇ ನಂಬರು, ಕ್ಯಾನ್ಸರ್ ಇರಬಹುದು, ಈ ವಾರವೇ ಆಸ್ಪತ್ರೆಗೆ ಹೋಗಿ ಎಂದು ಬಿಡಿಸಿ ಹೇಳಿದಳು. ಬೈರಯ್ಯ ನೆಟ್ಟಗೆ ಹೋಗಿದ್ದು ಸಾಹೇಬರ ರೂಮಿಗೆ. ಹತ್ತು ನಿಮಿಷಕ್ಕೆ ನಗುತ್ತಾ ಹೊರಬಂದರು.

“ಸಾರ್ ಲಿಸ್ಟೇ ತೋರ್ಸಿದ್ರು ಕಣಮ್ಮ. ಇಪ್ಪತ್ತೆರಡಾದ್ಮೇಲೆ ಇಪ್ಪತ್ನಾಲ್ಕು. ನಾನು ಅದ್ರಲ್ಲಿ ಇಲ್ವೇ ಇಲ್ಲ. ನಂಗೇನೂ ಇಲ್ವಂತೆ, ಕೆಲ್ಸ ನೋಡ್ಕೊ ಹೋಗು ಅಂದ್ರು.”

ಥೂ, ಆ ಡಾಕ್ಟರನ ಓದಿಗಿಷ್ಟು ಬೆಂಕಿ ಹಾಕ. ಆಫೀಸು ಬಿಟ್ಟ ಕೂಡಲೇ ಧನುಶ್ರೀ ಎರಡೂ ರಿಪೋರ್ಟು ಹಿಡಿದು ಶ್ರೀರಾಂಪುರಕ್ಕೆ ಹೋದಳು. ಬೈರಯ್ಯನ ಹೆಂಡತಿ ಮಾರಕ್ಕ ಅಕ್ಕಿ ಆರಿಸುತ್ತಾ ಎಲ್ಲವನ್ನೂ ಕೇಳಿಸಿಕೊಂಡರು. ಬೈರಯ್ಯ ಮಾತ್ರ ಹಿಡಿದ ಪಟ್ಟು ಬಿಡಲಿಲ್ಲ.

“ಅಷ್ಟು ಓದ್ದೋರು ಸುಳ್ಳು ಹೇಳ್ತಾರಾ? ಲಿಸ್ಟಲ್ಲೇ ಇಲ್ಲ ಕಣೇ ನಾನು.”

ಮಾರಕ್ಕ ಮೊರ ಕೆಳಗಿಟ್ಟರು. “ರಾತ್ರಿ ಆರು ಸಲ ಎದ್ದು ಹೋಗ್ತೀಯ. ಹನಿ ಹನಿಗೂ ಒದ್ದಾಡ್ತೀಯ. ನಂಗೊತ್ತಿಲ್ವಾ?” ಎಂದರು. ಗೂಟದಲ್ಲಿದ್ದ ಗಂಡನ ಶರ್ಟು ತೆಗೆದು ಅವರ ಕೈಗಿಟ್ಟರು.

“ಆ ಲಿಸ್ಟಲ್ಲಿ ಇಲ್ದಿದ್ರೆ ಬೇಡ. ಈ ಮನೇಲಿ ಇದೀಯಲ್ಲ. ಏಳು, ಶರ್ಟ್ ಹಾಕ್ಕೊ.”